ಎಲ್ಲವೂ ಅರ್ಜೆಂಟ್ ಆದಾಗ ಯಾವುದನ್ನು ತಳ್ಳಬೇಕು?

ಚೆನ್ನಾಗಿ ಕೆಲಸ ಮಾಡುವವರ ತಲೆ ಮೇಲೇ ಇನ್ನಷ್ಟು ಕೆಲಸ ಬೀಳುತ್ತದೆ. ವೈಟ್‌ಫೀಲ್ಡ್‌ನ ಟೀಮ್ ಲೀಡ್ ಇರಲಿ, ಜಯನಗರದ ಸಿಎ ಇರಲಿ, ಇವರಿಗೆ ಗೊತ್ತಿರುವ ಮದ್ದು ಒಂದೇ: ಇನ್ನೊಂದು ಗಂಟೆ ಜಾಸ್ತಿ ಕೂರುವುದು. ಅದರಿಂದ ರಾಶಿ ಕರಗುವುದಿಲ್ಲ.

ಮೊದಲು ತಲೆಯಲ್ಲಿರುವುದನ್ನೆಲ್ಲ ಒಂದೇ ಹಾಳೆಗೆ ಇಳಿಸಿ. ಆಫೀಸಿನ ರಿವ್ಯೂ, ಬೆಸ್ಕಾಂ ಬಿಲ್, ಅಮ್ಮನ ಕಣ್ಣಿನ ಚೆಕಪ್, ಎಲ್ಲ. ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಲ್ಲಿ ಉಳಿಯುತ್ತದೆ ಎಂದು ಮನೋವಿಜ್ಞಾನಿ ಬ್ಲೂಮಾ ಝೈಗಾರ್ನಿಕ್ 1927ರಲ್ಲೇ ಬರೆದಿದ್ದರು. ಹಾಗಾಗಿ ಪ್ರತಿಯೊಂದರ ಮುಂದೆ ಯಾವಾಗ ಮಾಡುತ್ತೀರಿ ಎಂದೂ ಬರೆಯಿರಿ. ಕಾಟ ಅರ್ಧ ತಗ್ಗುತ್ತದೆ.

ಈಗ ಜರಡಿ. ಅರ್ಜೆಂಟ್ ಬೇರೆ, ಮುಖ್ಯ ಬೇರೆ ಎಂಬ ಮಾತನ್ನು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 1954ರ ಭಾಷಣವೊಂದರಲ್ಲಿ ಎತ್ತಿದ್ದರು. ಅವರ ಹೆಸರಿನ ನಾಲ್ಕು ಖಾನೆಯ ಚೌಕ ಎಲ್ಲ ಟ್ರೈನಿಂಗ್‌ಗಳಲ್ಲೂ ಬರುತ್ತದೆ. ತೊಂದರೆ ಏನೆಂದರೆ, ನಮ್ಮ ಜಾಣರು ಎಲ್ಲವನ್ನೂ ಮೊದಲ ಖಾನೆಗೇ, ಅಂದರೆ ಅರ್ಜೆಂಟೂ ಹೌದು ಮುಖ್ಯವೂ ಹೌದು ಎಂಬ ಖಾನೆಗೇ, ತುಂಬುತ್ತಾರೆ. ಅದಕ್ಕೇ ಮಿತಿ ಹಾಕಿಕೊಳ್ಳಿ: ದಿನಕ್ಕೆ ಮೂರೇ ಮುಖ್ಯ ಕೆಲಸ. ನಾಲ್ಕನೆಯದು ಬಂದರೆ ಮೂರರಲ್ಲಿ ಒಂದು ಹೊರಗೆ.

ನಿಜವಾದ ಕಷ್ಟ ಇರುವುದು ಮುಂದಿನ ಹೆಜ್ಜೆಯಲ್ಲಿ. ಹೊರಗೆ ಹೋದ ಕೆಲಸಕ್ಕಾಗಿ ಯಾರೋ ಕಾಯುತ್ತಿರುತ್ತಾರೆ, ಅಲ್ವಾ? ಅವರಿಗೆ ಹೇಳಬೇಕು. "ಆಗಲ್ಲ" ಅನ್ನಬೇಕಿಲ್ಲ, ಬೆಲೆ ಹೇಳಿದರೆ ಸಾಕು: "ಇದನ್ನ ತಗೋತೀನಿ ಸರ್, ಆದ್ರೆ ಶುಕ್ರವಾರದ ರಿಪೋರ್ಟ್ ಮಂಗಳವಾರಕ್ಕೆ ಹೋಗುತ್ತೆ. ಯಾವುದು ಮೊದಲು ಬೇಕು?" ಬಾಸ್ ಮುಖ ಸ್ವಲ್ಪ ಸಣ್ಣದಾಗಬಹುದು. ಆಗಲಿ ಬಿಡಿ. ಸೋಮವಾರವೇ ಹೇಳಿದರೆ ಅದು ಮಾತುಕತೆ, ಗುರುವಾರ ರಾತ್ರಿ ಹೇಳಿದರೆ ನೆಪ.

ಉಳಿದದ್ದರಲ್ಲಿ ಯಾವುದು "ಇಷ್ಟು ಸಾಕು" ಎಂಬ ಮಟ್ಟಕ್ಕೆ ನಿಲ್ಲಬಹುದು ಎಂದೂ ಗುರುತಿಸಿ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 625 ಎಂದು ಓಡಿದವರಿಗೆ ಇದು ಜೀವ ಹಿಂಡುತ್ತದೆ. ಆದರೆ ಟೀಮ್ ಒಳಗಿನ ಸ್ಲೈಡ್‌ಗೆ ಬಣ್ಣ ಹೊಂದಿಸುತ್ತಾ ಕೂತರೆ ಯಾರೂ ಮಾರ್ಕ್ಸ್ ಕೊಡುವುದಿಲ್ಲ.

ಮುಖ್ಯ ಕೆಲಸವನ್ನು ತಲೆ ಚುರುಕಾಗಿರುವ ಹೊತ್ತಿಗೆ ಇಡಿ. ಸಿಲ್ಕ್ ಬೋರ್ಡ್ ದಾಟಿ ಮನೆ ಸೇರಿದ ಮೇಲೆ ಮಾಡುತ್ತೇನೆ ಅನ್ನುವುದು ಸುಮ್ನೆ ಆಸೆ.

ಇಷ್ಟಾದರೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಎದೆ ಡವಗುಟ್ಟುತ್ತಿದ್ದರೆ ಅದು ಪಟ್ಟಿಯ ಸಮಸ್ಯೆಯಲ್ಲ. ಡಾಕ್ಟರಿಗೆ ತೋರಿಸಿ, ಅಥವಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.