ಬೀಗ ಬಿದ್ದ ಮಳಿಗೆ, ಬಿಸಿಲಲ್ಲಿ ಕೂತ ಬುಟ್ಟಿ

ಯಾದಗಿರಿ ಜಿಲ್ಲೆಯ ಒಂದು ಊರಿನ ಸ್ಥಳೀಯ ಆಡಳಿತದಲ್ಲಿ ನಾನು ಸಮುದಾಯ ಸಂಘಟಕಿ. ಬೀದಿ ವ್ಯಾಪಾರಿಗಳ ಕೆಲಸ ನನ್ನ ಪಾಲಿಗೆ ಬಂದದ್ದು 2020ರಲ್ಲಿ, ಅವರಿಗಾಗಿ ಕೇಂದ್ರ ಸರ್ಕಾರದ ಪಿಎಂ ಸ್ವನಿಧಿ ಸಾಲ ಶುರುವಾದಾಗ. ಆಗ ಮೊದಲ ಸಲದ ಸಾಲ 10,000 ರೂಪಾಯಿ. ಅರ್ಜಿ ತುಂಬಿಸಲು ಬುಟ್ಟಿಯವರ, ಬಂಡಿಯವರ ಹತ್ತಿರ ದಿನಾ ಹೋಗಿ ಕೂರುತ್ತಿದ್ದೆ. ಅವರ ಬೆನ್ನ ಹಿಂದೆಯೇ ನಮ್ಮ ತರಕಾರಿ ಮಾರ್ಕೆಟ್ಟು. ಒಳಗೆ 36 ಮಳಿಗೆ, ಅರ್ಧಕ್ಕಿಂತ ಜಾಸ್ತಿಗೆ ಬೀಗ. ಹೊರಗೆ ನಮ್ಮ ಕಡೆಯ ಆ ಸುಡು ಬಿಸಿಲಲ್ಲಿ ಹೆಂಗಸರು ಮೆಂತ್ಯದ ಕಟ್ಟಿಗೆ ಒದ್ದೆ ಗೋಣಿಚೀಲ ಹೊದಿಸಿಕೊಂಡು ಕೂತಿದ್ದಾರೆ. ನೋಡಿ ಹೊಟ್ಟೆ ಉರಿಯುತ್ತಿತ್ತು.

ಒಳಗೆ ಜಾಗ ಖಾಲಿ ಇದೆ, ಹೊರಗಿನವರನ್ನು ಒಳಗೆ ಕಳಿಸಿದರೆ ಮುಗೀತು ಅಂತ ನಾವೂ ಅಂದುಕೊಂಡೆವು. ಒಂದು ಬೆಳಿಗ್ಗೆ ಪೊಲೀಸರನ್ನು ಕರೆದುಕೊಂಡು ಹೋಗಿ ಎಲ್ಲರನ್ನೂ ಒಳಗೆ ಕೂರಿಸಿದೆವು. ಮೂರನೇ ದಿನ ಎಲ್ಲರೂ ಮತ್ತೆ ರಸ್ತೆಗೆ. ಪುಂಡಿಪಲ್ಯದ ಸೊಪ್ಪು ಮಾರುವ ಆಯಿ ಒಬ್ಬರನ್ನು ಯಾಕೆ ಅಂತ ಕೇಳಿದೆ. "ಒಳಗ ನೆಳ್ಳ ಅದರಿ ಅಕ್ಕಾರ, ಗಿರಾಕಿ ಇಲ್ಲ. ಮಧ್ಯಾಹ್ನ ಆದ್ರೂ ಬೋಣಿ ಆಗಿಲ್ಲ. ನೆಳ್ಳ ಉಂಡ್ರ ಹೊಟ್ಟಿ ತುಂಬ್ತದೇನ್ರಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾವು ಮಾಡಿದ್ದು ಕಾನೂನಿಗೂ ಸರಿ ಇರಲಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಜಾಗ ಬದಲಿಸುವುದಕ್ಕೂ 30 ದಿನದ ನೋಟಿಸ್ ಕೊಡಬೇಕು ಅಂತಿದೆ. ನಾವು ಒಂದು ದಿನದ ನೋಟಿಸೂ ಕೊಟ್ಟಿರಲಿಲ್ಲ.

ಆಮೇಲೆ ಒಂದು ದೊಡ್ಡ ನೋಟ್‌ಬುಕ್ ತಗೊಂಡು ಒಂದೊಂದೇ ಮಳಿಗೆ ಬರೆದೆ. ಮಳಿಗೆ ನಂಬರ್, ಕಾಗದದಲ್ಲಿ ಯಾರ ಹೆಸರು, ನಿಜವಾಗಿ ಯಾರ ಕೈಯಲ್ಲಿದೆ, ಬಾಡಿಗೆ ಎಷ್ಟು ಬಾಕಿ, ಯಾಕೆ ಮುಚ್ಚಿದೆ. ಎಲ್ಲ ಬೀಗಕ್ಕೂ ಒಂದೇ ಕಾರಣ ಇರುವುದಿಲ್ಲ, ಇದನ್ನು ಬರೆಯದೆ ಏನೂ ಮಾಡಬೇಡಿ. ನಮ್ಮಲ್ಲಿ ಕೆಲವು ಮಳಿಗೆ ನಿಜಕ್ಕೂ ಖಾಲಿಯೇ ಅಲ್ಲ, ಅದನ್ನು ಹಿಡಿದವರೇ ಹೊರಗೆ ಬಂಡಿ ಇಟ್ಟು ಮಳಿಗೆಯನ್ನು ಗೋದಾಮು ಮಾಡಿಕೊಂಡಿದ್ದರು. ಏಳು ಮಳಿಗೆ ಅಣ್ಣತಮ್ಮಂದಿರ ಜಗಳ, ಕೋರ್ಟು. 12 ಮಳಿಗೆಗೆ ಲೀಲಾವಿನಲ್ಲಿ, ಅಂದ್ರೆ ಹರಾಜಿನಲ್ಲಿ, ಯಾರೂ ಸವಾಲೇ ಕೂಗಿರಲಿಲ್ಲ, ಯಾಕಂದ್ರೆ ಸೊಪ್ಪು ಮಾರುವವರು ಅಷ್ಟು ಮುಂಗಡ ಎಲ್ಲಿಂದ ತರಬೇಕು?

ಬರೆಯುತ್ತಾ ಕೂತಾಗ ಜನ ಹೆಂಗೆ ನಡೆಯುತ್ತಾರೆ ಅಂತಲೂ ನೋಡಿದೆ, ಒಂದು ವಾರ, ಬೆಳಿಗ್ಗೆ ಮತ್ತು ಸಂಜೆ. ಹಳ್ಳಿಯವರು ಬಸ್ಸಿಳಿದು ಮಾರ್ಕೆಟ್ಟಿನ ಹಿಂದಿನ ಗೋಡೆ ಪಕ್ಕದಲ್ಲೇ ಹೋಗುತ್ತಾರೆ. ಆ ಗೋಡೆಗೆ ಒಂದು ಗೇಟಿದೆ, ದನ ನುಗ್ಗುತ್ತವೆ ಅಂತ ವರ್ಷಗಳಿಂದ ಬೀಗ. ಮುಂದಿನ ಗೇಟಿನಿಂದ ಬರಬೇಕೆಂದರೆ ಇಡೀ ಸುತ್ತು. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋದವರಿಗೆ ಗೊತ್ತು, ಜನ ನಡೆಯುವ ದಾರಿಯಲ್ಲೇ ಬಂಡಿ ನಿಲ್ಲುತ್ತದೆ. ಗಿರಾಕಿಯ ಕಾಲು ಎಲ್ಲಿ ಹೋಗುತ್ತೋ ಬುಟ್ಟಿ ಅಲ್ಲಿ.

ಹಾಗಾಗಿ ಮೊದಲು ಮಾಡಿಸಿದ್ದು ಆ ಗೇಟು. ಬೀಗ ತೆಗೆಸಿ, ಮನುಷ್ಯ ಅಡ್ಡಡ್ಡ ತಿರುಗಿ ಬರಬಹುದು ಆದರೆ ದನವೂ ಬೈಕೂ ಬರಬಾರದು ಅನ್ನುವ ಹಾಗೆ ಕಬ್ಬಿಣದ ಪೈಪು ನೆಡಿಸಿದೆವು. ಎರಡನೆಯದು ಮೆಟ್ಟಿಲು. ಮಳಿಗೆಯ ನೆಲ ದಾರಿಗಿಂತ ಎರಡೂವರೆ ಅಡಿ ಎತ್ತರ ಇತ್ತು. ತಲೆ ಮೇಲೆ ಬುಟ್ಟಿ ಹೊತ್ತ ಆಯಿ ಅದನ್ನು ಹತ್ತುವುದು ಹೆಂಗೆ, ಅಲ್ವಾ? ಪ್ಲಾನ್ ಮಾಡಿದವರು ಒಂದು ಸಲ ಬುಟ್ಟಿ ಹೊತ್ತು ನೋಡಬೇಕಿತ್ತು. ಮುಂದೆ ಒಂದು ಅಡಿಯ ಕಟ್ಟೆ ಕಟ್ಟಿಸಿದ ಮೇಲೆ ಅವರು ಕಟ್ಟೆಯ ಮೇಲೆ ಕೂತರು, ಹಿಂದಿನ ಮಳಿಗೆಯಲ್ಲಿ ಮಾಲು ಇಟ್ಟರು.

ಉಳಿದದ್ದು ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ಮಾರಾಟ ಸಮಿತಿಯಲ್ಲಿ ಇತ್ಯರ್ಥವಾಯಿತು. ಕಾಯ್ದೆ ಪ್ರಕಾರ ಈ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಸುಮ್ನೆ ಸಹಿ ಹಾಕಿಸಿಕೊಳ್ಳಲು ಕರೆಯಬೇಡಿ, ಕೇಳಿಸಿಕೊಳ್ಳಿ. ನಮಗೆ ಹೊಳೆಯದ ಮಾತು ಅವರಿಂದಲೇ ಬಂತು: "ಪಲ್ಯದವ್ರು ಎಲ್ಲಾರೂ ಒಂದೇ ದಿನ ಒಳಗ ಹೋಗ್ತೀವ್ರಿ. ಒಬ್ಬಾಕಿ ಹೊರಗ ಉಳದ್ಳಂದ್ರ ಗಿರಾಕಿ ಅಲ್ಲೇ ನಿಲ್ತಾರ." ಹಾಗೇ ಮಾಡಿದೆವು, ಈ ಸಲ 30 ದಿನ ಮೊದಲೇ ನೋಟಿಸ್ ಕೊಟ್ಟು. ಸವಾಲು ಬರದ 12 ಮಳಿಗೆಗೆ ಮುಂಗಡ ಬಿಟ್ಟು, ಒಂದಕ್ಕೆ ಇಬ್ಬರಂತೆ, ದಿನದ ತೈಬಜಾರ್ (ಕೂತ ಜಾಗದ ಸುಂಕ) ಮೇಲೆ ಕೊಡಲು ಸಭೆಯಲ್ಲಿ ಠರಾವು ಆಯಿತು. ಯಾರಿಗೆ ಯಾವುದು ಅನ್ನುವುದನ್ನು ಎಲ್ಲರೆದುರಿಗೆ ಚೀಟಿ ಎತ್ತಿಸಿದೆವು, ಎತ್ತಿದ್ದು ಒಂದು ಸಣ್ಣ ಹುಡುಗಿ. ಒಂದೂ ತಕರಾರು ಬರಲಿಲ್ಲ.

ಬಾಳೆಹಣ್ಣಿನ ಬಂಡಿಗಳನ್ನು ಒಳಗೆ ಕಳಿಸಲಿಲ್ಲ. ಹೋಗುವ ದಾರಿಯಲ್ಲಿ ಕೈಗೆ ಸಿಕ್ಕರೆ ಮಾತ್ರ ತಗೊಳ್ಳುವ ಮಾಲು ಅದು. ಅವರಿಗೆ ರಸ್ತೆ ಬದಿ ಬಿಳಿ ಗೆರೆ ಎಳೆದುಕೊಟ್ಟೆವು. ಗೆರೆ ದಾಟಿದರೆ ಪಕ್ಕದ ಬಂಡಿಯವರೇ ಹಿಂದೆ ಸರಿಸುತ್ತಾರೆ.

ಕೋರ್ಟಿನಲ್ಲಿರುವ ಏಳು ಮಳಿಗೆ ಈಗಲೂ ಮುಚ್ಚಿವೆ. ಸೊಪ್ಪಿನವರು ಮಾತ್ರ ಒಳಗೇ ಇದ್ದಾರೆ. ಆ ಆಯಿ ಈಗ ನನ್ನ ಕಂಡಾಗಲೆಲ್ಲ ಲೈಟು ಕೇಳುತ್ತಾರೆ, ಚಳಿಗಾಲದಲ್ಲಿ ಆರಕ್ಕೇ ಕತ್ತಲು, ಗಿರಾಕಿ ನಿಲ್ಲುವುದಿಲ್ಲ ಅಂತ. ಎರಡು ಕಂಬಕ್ಕೆ ಅರ್ಜಿ ಕೊಟ್ಟಿದ್ದೇನೆ. ಮಂಜೂರಾಗುವ ತನಕ ಹಿಂದಿನ ಗೇಟಿನ ಹತ್ತಿರದ ಅಂಗಡಿಯವರು ಒಂದು ಬಲ್ಬು ಎಳೆದುಕೊಟ್ಟಿದ್ದಾರೆ.