ಎದೆ ತೆರೆಯಬೇಕೋ, ಸಣ್ಣ ತೂತು ಸಾಕೋ? ಶ್ವಾಸಕೋಶದ ಕ್ಯಾನ್ಸರ್ ಆಪರೇಷನ್‌ಗೆ ಹೊರಡುವ ಮೊದಲು

ಶ್ವಾಸಕೋಶದಲ್ಲಿ ಕ್ಯಾನ್ಸರ್ ಗೆಡ್ಡೆ ಇದೆ, ಆಪರೇಷನ್ ಮಾಡಬಹುದು ಎಂದು ಡಾಕ್ಟರ್ ಹೇಳಿದ ದಿನ ಮನೆಯವರು ಮೊದಲು ಕೇಳುವುದು ಒಂದೇ ಮಾತು: ಎದೆ ಸೀಳುತ್ತಾರಾ? ಮಡಿಕೇರಿ ಪೇಟೆಯಾಗಲಿ, ಪೊನ್ನಂಪೇಟೆಯ ತೋಟದ ಲೈನ್‌ಮನೆಯಾಗಲಿ, ಭಯ ಒಂದೇ. ಆದರೆ ‘ಆಪರೇಷನ್ ಮಾಡಬಹುದು’ ಅನ್ನೋದೇ ಒಳ್ಳೆಯ ಸುದ್ದಿ. ರೋಗ ದೂರದ ಅಂಗಗಳಿಗೆ ಹರಡಿಲ್ಲದಿದ್ದಾಗಲೇ ಸಾಮಾನ್ಯವಾಗಿ ಆ ಮಾತು ಬರುತ್ತದೆ.

ಒಳಗೆ ಏನು ಮಾಡುತ್ತಾರೆ ಅನ್ನೋದನ್ನು ಮೊದಲು ತಿಳಿದುಕೊಳ್ಳಿ. ಬಲ ಶ್ವಾಸಕೋಶದಲ್ಲಿ 3 ಹಾಲೆಗಳಿವೆ (ಹಾಲೆ ಅಂದರೆ ಶ್ವಾಸಕೋಶದ ದೊಡ್ಡ ಪಾಲು), ಎಡದಲ್ಲಿ 2. ಗೆಡ್ಡೆ ಇರುವ ಹಾಲೆಯನ್ನು ಪೂರ್ತಿ ತೆಗೆಯುತ್ತಾರೆ. ಸುತ್ತಲಿನ ಲಿಂಫ್ ಗಂಟುಗಳನ್ನೂ (ರೋಗ ತಡೆಯುವ ಸಣ್ಣ ಗ್ರಂಥಿಗಳು) ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇದಕ್ಕೆ ಲೋಬೆಕ್ಟಮಿ ಎಂದು ಹೆಸರು. ಗೆಡ್ಡೆ 2 ಸೆಂ.ಮೀ. ಒಳಗಿದ್ದು ಹೊರ ಅಂಚಿನಲ್ಲಿದ್ದರೆ ಕೆಲವರಿಗೆ ಹಾಲೆಯ ಒಂದು ಭಾಗ ತೆಗೆದರೂ ಸಾಕಾಗುತ್ತದೆ. ಎದೆ ತೆರೆದರೂ, ತೂತು ಹಾಕಿದರೂ ಒಳಗಿನ ಕೆಲಸ ಇದೇ. ಬೇರೆಯಾಗುವುದು ಒಳಗೆ ಹೋಗುವ ದಾರಿ ಮಾತ್ರ.

ತೆರೆದ ಆಪರೇಷನ್‌ನಲ್ಲಿ ಪಕ್ಕೆಯ ಮೇಲೆ ಹೆಚ್ಚುಕಮ್ಮಿ ಒಂದು ಗೇಣು ಕೊಯ್ದು, ಪಕ್ಕೆಲುಬುಗಳನ್ನು ಅಗಲಿಸುತ್ತಾರೆ. ಆಗ ಎಲುಬಿನ ಅಡಿಯಲ್ಲಿ ಹಾದುಹೋಗುವ ನರ ಒತ್ತಿಹೋಗುತ್ತದೆ. ಕೆಲವರಿಗೆ ತಿಂಗಳುಗಟ್ಟಲೆ ನೋವು ಉಳಿಯುವುದು ಇದರಿಂದಲೇ. ವ್ಯಾಟ್ಸ್ ಎಂಬ ಇನ್ನೊಂದು ವಿಧಾನದಲ್ಲಿ 1ರಿಂದ 4 ಸಣ್ಣ ತೂತುಗಳು ಸಾಕು. ಒಂದರಲ್ಲಿ ಕ್ಯಾಮೆರಾ ಹೋಗುತ್ತದೆ, ಸರ್ಜನ್ ಪರದೆ ನೋಡಿಕೊಂಡು ಕೆಲಸ ಮಾಡುತ್ತಾರೆ. ಎಲುಬು ಅಗಲಿಸುವುದಿಲ್ಲ. ರೋಬೊಟ್ ಆಪರೇಷನ್ ಕೂಡ ತೂತಿನದ್ದೇ. ರೋಬೊಟ್ ತಾನಾಗಿ ಏನೂ ಮಾಡುವುದಿಲ್ಲ, ಅದರ ಕೈಗಳನ್ನು ಆಡಿಸುವವರು ಸರ್ಜನ್ನೇ. ಖರ್ಚು ಜಾಸ್ತಿ, ಹಾಗಾಗಿ ಆ ಹೆಸರಿಗಾಗಿ ಸಾಲ ಮಾಡಬೇಡಿ.

ಬ್ರಿಟನ್ನಿನ 9 ಆಸ್ಪತ್ರೆಗಳಲ್ಲಿ 503 ಜನರ ಮೇಲೆ ಎರಡೂ ವಿಧಾನಗಳನ್ನು ಹೋಲಿಸಿ ನೋಡಿದರು. 2022ರಲ್ಲಿ ಫಲಿತಾಂಶ ಪ್ರಕಟವಾಯಿತು. ವ್ಯಾಟ್ಸ್ ಆದವರು ಸರಾಸರಿ 4 ದಿನಕ್ಕೆ ಮನೆಗೆ ಹೋದರು, ಎದೆ ತೆರೆದವರು 5 ದಿನಕ್ಕೆ. ಒಂದೇ ದಿನ ತಾನೇ ಅನಿಸಬಹುದು, ಅಲ್ವಾ? ಆದರೆ 5ನೇ ವಾರದಲ್ಲೂ ವ್ಯಾಟ್ಸ್ ಆದವರ ಓಡಾಟ, ದೇಹದ ಶಕ್ತಿ ಚೆನ್ನಾಗಿತ್ತು. ಗೆಡ್ಡೆಯನ್ನು ಪೂರ್ತಿ ತೆಗೆಯುವುದರಲ್ಲಿ ಅದು ಹಿಂದೆ ಬೀಳಲಿಲ್ಲ. ಏಣಿ ಹತ್ತಿ ಕರಿಮೆಣಸು ಕೊಯ್ಯುವವರಿಗೆ, ಕಣದಲ್ಲಿ ಕಾಫಿ ಹರಡುವವರಿಗೆ ಇದು ಸಣ್ಣ ವಿಷಯವಲ್ಲ.

ಹಾಗಂತ ಎಲ್ಲರಿಗೂ ತೂತು ಹೊಂದುವುದಿಲ್ಲ. ಗೆಡ್ಡೆ ದೊಡ್ಡದಿದ್ದರೆ, ದೊಡ್ಡ ರಕ್ತನಾಳಕ್ಕೆ ಅಂಟಿದ್ದರೆ, ಎದೆಗೂಡಿಗೆ ಹಬ್ಬಿದ್ದರೆ ತೆರೆಯುವುದೇ ಸುರಕ್ಷಿತ. ಹಿಂದೆ ಟಿಬಿ ಆಗಿದ್ದವರಲ್ಲಿ ಶ್ವಾಸಕೋಶ ಎದೆಯ ಒಳಗೋಡೆಗೆ ಅಂಟಿಕೊಂಡಿರುವುದುಂಟು. ಆದ್ದರಿಂದ ಟಿಬಿ ಔಷಧಿ ತಿಂದಿದ್ದರೆ ಮುಚ್ಚಿಡಬೇಡಿ. ಹಳೆಯ ಎಕ್ಸ್‌ರೇ ಇದ್ದರೆ ಹುಡುಕಿ ಕೊಂಡೊಯ್ಯಿರಿ. ತೂತಿನಲ್ಲಿ ಶುರುಮಾಡಿ, ರಕ್ತಸ್ರಾವವಾಗಿ ಮಧ್ಯದಲ್ಲಿ ಎದೆ ತೆರೆಯಬೇಕಾಗಿ ಬರಬಹುದು. ಅದು ಸೋಲಲ್ಲ, ಜೀವ ಉಳಿಸುವ ತೀರ್ಮಾನ. ಒಪ್ಪಿಗೆಗೆ ಸಹಿ ಹಾಕುವಾಗಲೇ ಇದನ್ನು ಕೇಳಿ ತಿಳಿದಿರಿ.

ಸರ್ಜನ್ ಎದುರು ಕುಳಿತಾಗ ಇಷ್ಟನ್ನು ಕೇಳಲೇಬೇಕು. ನಮಗೆ ಯಾವುದು ಹೊಂದುತ್ತದೆ, ಯಾಕೆ? ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ? ಲಿಂಫ್ ಗಂಟುಗಳನ್ನೂ ತೆಗೆಯುತ್ತೀರಾ? ತೂತಿನ ಕೆಲಸದಲ್ಲಿ ಅಷ್ಟು ಪಳಗದವರ ಕೈಗಿಂತ, ತೆರೆದ ಆಪರೇಷನ್‌ನಲ್ಲಿ ಪಳಗಿದ ಕೈ ಮೇಲು ಎಂದೇ ನನ್ನ ಅನಿಸಿಕೆ.

ದುಡ್ಡಿನ ವಿಷಯವನ್ನೂ ಆಗಲೇ ಇತ್ಯರ್ಥ ಮಾಡಿಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗಬಹುದು, ಮಡಿಕೇರಿಯಲ್ಲೇ ವಿಚಾರಿಸಿ. ಮೈಸೂರಿಗೋ ಬೆಂಗಳೂರಿಗೋ ಹೋದ ಮೇಲೆ ಒಂದು ಚೀಟಿಗಾಗಿ ವಾಪಸ್ ಬರುವ ಕಷ್ಟ ತಪ್ಪುತ್ತದೆ.

ಬೀಡಿ, ಸಿಗರೇಟು ಇವತ್ತೇ ಬಿಡಿ. ಮೂರು ಚೆಂಡಿನ ಉಸಿರಾಟದ ಉಪಕರಣ ಕೊಟ್ಟರೆ ಆಪರೇಷನ್‌ಗೆ ಮುಂಚಿನಿಂದಲೇ ಅಭ್ಯಾಸ ಮಾಡಿ. ಮಳೆಗೆ ಕರೆಂಟ್ ಹೋದರೂ ಅದು ನಡೆಯುತ್ತದೆ. ಆಪರೇಷನ್ ಆದ ಮೇಲೆ ನೋವಿಗೆ ಹೆದರಿ ಕೆಮ್ಮು ತಡೆಯಬೇಡಿ. ಕಫ ಒಳಗೇ ನಿಂತರೆ ನ್ಯುಮೋನಿಯಾ ಆಗಬಹುದು. ದಿಂಬನ್ನು ಗಾಯದ ಮೇಲೆ ಒತ್ತಿ ಹಿಡಿದು ಕೆಮ್ಮಿ. ವಾಪಸ್ ಬರುವಾಗ ರಸ್ತೆಯ ತಿರುವುಗಳಲ್ಲೂ ಅದೇ ದಿಂಬು ಆಸರೆ.

ಡಿಸ್ಚಾರ್ಜ್ ಆದ ಮೇಲೆ ಪೆಥಾಲಜಿ ರಿಪೋರ್ಟ್, ಅಂದರೆ ತೆಗೆದ ಭಾಗದ ಪರೀಕ್ಷೆಯ ವರದಿ, ಮರೆಯದೆ ಪಡೆಯಿರಿ. ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ, ಗಂಟುಗಳಿಗೆ ಹೋಗಿದೆಯೇ ಅನ್ನೋದು ಅದರಲ್ಲಿರುತ್ತದೆ. ಮುಂದೆ ಔಷಧಿ ಬೇಕೇ ಎಂದು ಅದನ್ನು ನೋಡಿಯೇ ಹೇಳುತ್ತಾರೆ. ಮನೆಗೆ ಬಂದ ಮೇಲೆ ಜ್ವರ, ಗಾಯದಿಂದ ಕೀವು ಕಂಡರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ಏಕಾಏಕಿ ಏದುಸಿರು, ಎದೆನೋವು ಬಂದರೆ ಬೆಳಗಿನ ಬಸ್ಸಿಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.