ಮೈಸೂರಲ್ಲಿ ಕೂತು ಜರ್ಮನಿಯ ಸಣ್ಣ ಊರಿನ ಫುಟ್‌ಬಾಲ್ ಕ್ಲಬ್‌ನ ಹಿಸ್ಟರಿ ಹುಡುಕುವುದು ಹೇಗೆ

ಶನಿವಾರ ಸಂಜೆ ಜರ್ಮನಿಯ ಮೊದಲ ಹಂತದ ಲೀಗ್ ಬುಂಡೆಸ್‌ಲಿಗಾದ ಮ್ಯಾಚ್ ಹಾಕಿಕೊಂಡು ಕೂರುವವರು ಮೈಸೂರಿನಲ್ಲೂ ಇದ್ದಾರೆ. ನಮ್ಮ ಟೈಮಿಗೆ ಏಳು ಗಂಟೆ, ಅಲ್ಲಿ ಚಳಿಗಾಲ ಬಂದರೆ ಎಂಟು. ಬಯರ್ನ್ ಮ್ಯೂನಿಕ್, ಡಾರ್ಟ್‌ಮಂಡ್ ಎಲ್ಲರಿಗೂ ಗೊತ್ತು. ಅವುಗಳ ಕಥೆ ಎಲ್ಲಿ ಬೇಕಾದರೂ ಸಿಗುತ್ತೆ. ನಿಜವಾದ ಮಜಾ ಇರುವುದು ಸಣ್ಣ ಊರಿನ ಕ್ಲಬ್‌ಗಳಲ್ಲಿ, ಆದರೆ ಅವುಗಳ ಹಿಸ್ಟರಿ ಓದೋಕೆ ಹೋದರೆ ಅರ್ಧ ಪುಟದಲ್ಲೇ ತಲೆ ಕೆಡುತ್ತೆ. ಹೆಸರು ಬದಲಾಗುತ್ತೆ, ಇಸವಿ ತಾಳೆಯಾಗಲ್ಲ, ಲೀಗ್ ಯಾವುದು ಮೇಲೆ ಯಾವುದು ಕೆಳಗೆ ಅಂತಲೇ ಗೊತ್ತಾಗಲ್ಲ. ಕಪ್ ಎಷ್ಟು ಗೆದ್ದರು ಅನ್ನೋದನ್ನು ಪಕ್ಕಕ್ಕಿಡಿ. ಕ್ಲಬ್ ಯಾವಾಗ ಒಡೆಯಿತು, ಯಾರ ಜೊತೆ ಕೂಡಿಕೊಂಡಿತು, ಅದನ್ನು ಹಿಡಿದು ಹೋಗಿ. ಮಿಕ್ಕಿದ್ದು ತಾನಾಗೇ ಬಿಚ್ಚಿಕೊಳ್ಳುತ್ತೆ.

ಹೈಡನ್‌ಹೈಮ್ ಇಟ್ಟುಕೊಂಡೇ ಹೇಳುತ್ತೇನೆ. ದಕ್ಷಿಣ ಜರ್ಮನಿಯ ಊರು, ಜನ ಸುಮಾರು 50,000, ಅಂದರೆ ಮಂಡ್ಯದ ಅರ್ಧದಷ್ಟೂ ಇಲ್ಲ. ಕಾಗದ ತಯಾರಿಸುವ ಯಂತ್ರ, ನೀರಿನ ಟರ್ಬೈನ್ ಮಾಡುವ ಫಾಯ್ತ್ ಕಂಪನಿ ಈ ಊರಿನದೇ. ಕ್ಲಬ್‌ನ ಮೈದಾನಕ್ಕೂ ಈಗ ಅದೇ ಹೆಸರು, 15,000 ಜನ ಹಿಡಿಸುತ್ತೆ.

ಮೊದಲು ಹೆಸರಿನಲ್ಲಿರುವ ಇಸವಿ ನೋಡಿ, ಆದರೆ ನಂಬಬೇಡಿ. ಇವರ ಪೂರ್ತಿ ಹೆಸರಲ್ಲಿ 1846 ಅಂತ ಇದೆ. 1846ರಲ್ಲಿ ಜರ್ಮನಿಯಲ್ಲಿ ಫುಟ್‌ಬಾಲ್ ಎಲ್ಲಿತ್ತು? ಬ್ರೌನ್‌ಶ್ವೈಗ್‌ನಲ್ಲಿ ಕೊನ್ರಾಡ್ ಕೋಖ್ ಅನ್ನುವ ಮೇಷ್ಟ್ರು ತಮ್ಮ ಸ್ಕೂಲಿನ ಹುಡುಗರಿಗೆ ಚೆಂಡು ಕೊಟ್ಟು ಆಡಿಸಿದ್ದೇ 1874ರಲ್ಲಿ. ಹಾಗಾದರೆ 1846 ಯಾರದ್ದು? ಊರಿನ ಜಿಮ್ನಾಸ್ಟಿಕ್ಸ್ ಸಂಘದ್ದು. ಆ ಕಾಲದಲ್ಲಿ ಜರ್ಮನಿಯ ಊರೂರಲ್ಲೂ ಇಂಥ ಸಂಘಗಳಿದ್ದವು. ನಮ್ಮ ಮೈಸೂರಿನ ಗರಡಿಮನೆ ಇದ್ದ ಹಾಗೆ ಅಂದುಕೊಳ್ಳಿ: ಮೈ ಹುರಿಗೊಳಿಸುವುದರ ಜೊತೆಗೆ ಹುಡುಗರಿಗೆ ಒಂದು ಶಿಸ್ತು, ಊರಿಗೆ ಒಂದು ಹೆಮ್ಮೆ. ಇದಕ್ಕೆಲ್ಲ ಮೂಲಪುರುಷ ಫ್ರೀಡ್ರಿಖ್ ಲುಡ್ವಿಗ್ ಯಾನ್, 1811ರಲ್ಲಿ ಬರ್ಲಿನ್ನಿನ ಬಯಲಲ್ಲಿ ಶುರು ಮಾಡಿದವರು.

ಈ ಜಿಮ್ನಾಸ್ಟಿಕ್ಸ್ ಮಂದಿಗೆ ಫುಟ್‌ಬಾಲ್ ಕಂಡರೆ ಆಗುತ್ತಿರಲಿಲ್ಲ. 1898ರಲ್ಲಿ ಸ್ಟುಟ್‌ಗಾರ್ಟ್‌ನ ಕಾರ್ಲ್ ಪ್ಲಾಂಕ್ ಅನ್ನುವ ಮೇಷ್ಟ್ರು ಇದೊಂದು ಇಂಗ್ಲಿಷ್ ಕಾಯಿಲೆ ಅಂತ ಬರೆದು ಅಚ್ಚು ಹಾಕಿಸಿದ್ದರು! ಆದರೂ ಹುಡುಗರು ಕೇಳಬೇಕಲ್ಲ. ಸಂಘದ ಒಳಗೇ ಒಂದು ಮೂಲೆಯಲ್ಲಿ ಫುಟ್‌ಬಾಲ್ ಶುರುವಾಗುತ್ತಿತ್ತು, ಆಮೇಲೆ ಜಗಳ, ಆಮೇಲೆ ಬೇರೆ ಮನೆ. 1920ರ ದಶಕದ ಮೊದಲಲ್ಲಿ ಎರಡೂ ಕಡೆಯ ಒಕ್ಕೂಟಗಳ ಜಗಳ ಎಷ್ಟು ಜೋರಾಯಿತು ಅಂದರೆ, ಎಷ್ಟೋ ಊರುಗಳಲ್ಲಿ ಫುಟ್‌ಬಾಲ್‌ನವರು ಜಿಮ್ನಾಸ್ಟಿಕ್ಸ್ ಸಂಘ ಬಿಟ್ಟು ಹೊರಗೆ ಬಂದು ತಮ್ಮದೇ ಕ್ಲಬ್ ಕಟ್ಟಿಕೊಂಡರು. ನೀವು ಓದುತ್ತಿರುವ ಕ್ಲಬ್‌ನಲ್ಲಿ 1919ರಿಂದ 1924ರೊಳಗೆ ಏನಾದರೂ ಒಡಕು ಕಂಡರೆ ಮೊದಲ ಅನುಮಾನ ಇದರ ಮೇಲಿರಲಿ.

ಒಂದು ನೋಟ್‌ಬುಕ್ ತಗೊಂಡು ಗೆರೆ ಎಳೆದು ಬರೆಯಿರಿ. ಹೈಡನ್‌ಹೈಮ್‌ದು ಹೀಗೆ ಬರುತ್ತೆ. 1846 ಜಿಮ್ನಾಸ್ಟಿಕ್ಸ್ ಸಂಘ. 1911ರಲ್ಲಿ ಫುಟ್‌ಬಾಲ್. 1972ರಲ್ಲಿ ಊರಿನ ಎರಡು ದೊಡ್ಡ ಕ್ಲಬ್ ಸೇರಿ ಒಂದೇ ಕ್ಲಬ್, ಎಲ್ಲ ಆಟಗಳೂ ಅದರಲ್ಲೇ. 2007ರ ಜನವರಿ 1ಕ್ಕೆ ಅದರಿಂದ ಫುಟ್‌ಬಾಲ್ ವಿಭಾಗ ಮಾತ್ರ ಹೊರಗೆ ಬಂದು ಈಗಿನ ಕ್ಲಬ್. ಅಂದರೆ ಕಾಗದಪತ್ರದ ಪ್ರಕಾರ ಈ ಕ್ಲಬ್‌ಗೆ ಇನ್ನೂ ಹುಡುಗ ವಯಸ್ಸು, ಹೆಸರಿನ ಪ್ರಕಾರ ಮುತ್ತಜ್ಜ. ಹಾಫೆನ್‌ಹೈಮ್ ಅನ್ನುವ ಇನ್ನೊಂದು ಕ್ಲಬ್ ಕೂಡ ಹಾಗೇ: ಹೆಸರಲ್ಲಿರುವ 1899 ಜಿಮ್ನಾಸ್ಟಿಕ್ಸ್‌ನವರದ್ದು, ಫುಟ್‌ಬಾಲ್‌ನವರ ಜೊತೆ ಒಂದಾಗಿದ್ದು 1945ರಲ್ಲಿ.

1933ರಿಂದ 1945ರ ಭಾಗ ಬಂದಾಗ ನಿಧಾನ ಮಾಡಿ. ಕ್ಲಬ್‌ನವರೇ ಬರೆದ ಹಳೆಯ ಪುಸ್ತಕಗಳಲ್ಲಿ ಈ ಹನ್ನೆರಡು ವರ್ಷ ಎರಡೇ ಸಾಲಲ್ಲಿ ಮುಗಿದುಬಿಡುವುದುಂಟು: ಕಷ್ಟದ ಕಾಲ, ಆಟಗಾರರು ಯುದ್ಧಕ್ಕೆ ಹೋದರು, ಅಷ್ಟೇ. ಅಷ್ಟೇ ಅಲ್ಲ. 1933ರಲ್ಲಿ ನಾಜಿಗಳು ಕಾರ್ಮಿಕರ ಕ್ರೀಡಾಸಂಘಗಳನ್ನೆಲ್ಲ ಮುಚ್ಚಿಸಿದರು. ಯಹೂದಿ ಸದಸ್ಯರನ್ನು ಕ್ಲಬ್‌ಗಳಿಂದ ಹೊರಗೆ ಹಾಕಲಾಯಿತು. ಜರ್ಮನಿ ತಂಡಕ್ಕೇ ಆಡಿದ್ದ ಯೂಲಿಯುಸ್ ಹಿರ್ಶ್ ಆ ಏಪ್ರಿಲ್‌ನಲ್ಲಿ ತಾವೇ ತಮ್ಮ ಕಾರ್ಲ್ಸ್‌ರೂಹೆ ಕ್ಲಬ್ ಬಿಟ್ಟರು, 1943ರಲ್ಲಿ ಅವರನ್ನು ಔಶ್ವಿಟ್ಸ್‌ಗೆ ಸಾಗಿಸಿದರು. ಹಾಗಾಗಿ ನಿಮ್ಮ ಕ್ಲಬ್‌ನ ಊರಲ್ಲಿ 1933ಕ್ಕೆ ಮುಂಚೆ ಇನ್ಯಾವ ಕ್ಲಬ್ ಇತ್ತು, ಅದು ಏನಾಯಿತು, 1932ರ ಅಧ್ಯಕ್ಷರ ಹೆಸರು 1934ರಲ್ಲಿ ಯಾಕಿಲ್ಲ ಅಂತ ಕೇಳಿಕೊಳ್ಳಿ. ಯುದ್ಧ ಮುಗಿದ ಮೇಲೆ, 1945ರ ಡಿಸೆಂಬರ್‌ನಲ್ಲಿ, ಗೆದ್ದ ದೇಶಗಳು ಹಳೆಯ ಕ್ರೀಡಾಸಂಘಗಳನ್ನು ವಿಸರ್ಜಿಸಲು ಆದೇಶ ಹೊರಡಿಸಿದವು. ಆ ಹೊತ್ತಿನಲ್ಲಿ ಕ್ಲಬ್‌ಗಳ ಹೆಸರು ಏಕೆ ಬದಲಾಗುತ್ತಿತ್ತು ಅನ್ನೋದಕ್ಕೆ ಇದೂ ಒಂದು ಕಾರಣ.

ಕ್ಲಬ್ ಪೂರ್ವ ಜರ್ಮನಿಯದಾದರೆ ಲೆಕ್ಕವೇ ಬೇರೆ. ಅಲ್ಲಿ ಆಗ ಕ್ಲಬ್‌ಗೆ ಕಾರ್ಖಾನೆ ಅಥವಾ ಇಲಾಖೆಯ ಹೆಸರು ಇರುತ್ತಿತ್ತು. ಲೊಕೊಮೋಟಿವ್ ಅಂದರೆ ರೈಲ್ವೆ, ಡೈನಮೊ ಅಂದರೆ ಪೊಲೀಸ್. ಔವೆ ಅನ್ನುವ ಪುಟ್ಟ ಊರನ್ನೇ ನೋಡಿ. ಯುರೇನಿಯಂ ಗಣಿ ನಡೆಸುತ್ತಿದ್ದ ವಿಸ್ಮುಟ್ ಕಂಪನಿಯ ಹೆಸರಲ್ಲಿ ಆಡುತ್ತಿದ್ದ ಇವರು 1956, 1957, 1959ರಲ್ಲಿ ಪೂರ್ವ ಜರ್ಮನಿಯ ಚಾಂಪಿಯನ್. ಆದರೆ ಪಟ್ಟಿಯಲ್ಲಿ ಔವೆ ಅಂತ ಹುಡುಕಿದರೆ ಸಿಗಲ್ಲ. ಆಗ ದಾಖಲೆಯಲ್ಲಿ ಅವರ ಊರು ಕಾರ್ಲ್ ಮಾರ್ಕ್ಸ್ ಸ್ಟಾಟ್ (ಈಗಿನ ಕೆಮ್ನಿಟ್ಸ್), ಆಡುತ್ತಿದ್ದದ್ದು ಮಾತ್ರ ಔವೆಯಲ್ಲೇ. ಈಗಿನ ಎರ್ಜ್‌ಗೆಬಿರ್ಗೆ ಔವೆ ಅನ್ನುವ ಹೆಸರು ಬಂದದ್ದು 1993ರಲ್ಲಿ.

ಇನ್ನು ಲೀಗ್‌ಗಳು. ಎಲ್ಲರೂ ಎಡವುವ ಜಾಗ ಇದು. ರೆಗಿಯೊನಾಲ್‌ಲಿಗಾ ಅನ್ನೋದು 1963ರಿಂದ 1974ರವರೆಗೆ ಎರಡನೇ ಹಂತ, 1994ರಿಂದ 2008ರವರೆಗೆ ಮೂರನೆಯದು, ಆಮೇಲೆ ನಾಲ್ಕನೆಯದು. ಓಬರ್‌ಲಿಗಾ ಪಶ್ಚಿಮ ಜರ್ಮನಿಯಲ್ಲಿ 1963ರವರೆಗೆ ಎಲ್ಲಕ್ಕಿಂತ ಮೇಲಿತ್ತು, ಈಗ ಐದನೇ ಹಂತ. ಹೆಸರು ಅದೇ, ಮೆಟ್ಟಿಲು ಬೇರೆ. ಹೈಡನ್‌ಹೈಮ್ 2008ರಲ್ಲಿ ಓಬರ್‌ಲಿಗಾದಿಂದ ರೆಗಿಯೊನಾಲ್‌ಲಿಗಾಗೆ ಹೋಯಿತು ಅಂತ ಓದಿ ಬಡ್ತಿ ಅಂದುಕೊಂಡರೆ, ಅದು ಮೊದಲೂ ನಾಲ್ಕನೇ ಹಂತ, ಆಮೇಲೂ ನಾಲ್ಕನೇ ಹಂತ! ಆ ವರ್ಷ ಮಧ್ಯಕ್ಕೆ ಹೊಸದಾಗಿ ಮೂರನೇ ಲಿಗಾ ತೂರಿಸಿದ್ದರು. ಲೀಗ್ ಹೆಸರಿನ ಪಕ್ಕ ಹಂತದ ನಂಬರ್ ಬರೆದುಕೊಳ್ಳದೆ ಮುಂದೆ ಹೋಗಲೇಬೇಡಿ. ನಿಜವಾದ ಬಡ್ತಿಗಳು 2009, 2014, 2023ರವು. ಕೋಚ್ ಫ್ರಾಂಕ್ ಶ್ಮಿಟ್ ಆ ಊರಿನವರೇ, 2007ರಲ್ಲಿ ಕೆಲಸ ಹಿಡಿದು ಈ ಮೂರೂ ಬಡ್ತಿ ಕೊಡಿಸಿದವರು.

ಮ್ಯಾಚ್‌ಗಳ ವಿಷಯಕ್ಕೆ ಬಂದರೆ, ಎಲ್ಲ ಬರೆಯೋಕೆ ಹೋಗಬೇಡಿ. ಒಂದನ್ನು ಹಿಡಿದು ನಿಮಿಷ ನಿಮಿಷ ನೋಡಿ. ಇವರದ್ದು 2023ರ ಮೇ 28, ಎರಡನೇ ಹಂತದ ಲೀಗ್‌ನ ಕೊನೆಯ ದಿನ, ಮೊದಲ ಎರಡು ಸ್ಥಾನದವರಿಗೆ ನೇರ ಬಡ್ತಿ. ಎದುರಾಳಿ ಯಾನ್ ರೇಗೆನ್ಸ್‌ಬುರ್ಗ್ (ಹೌದು, ಅದೇ ಜಿಮ್ನಾಸ್ಟಿಕ್ಸ್ ಯಾನ್ ಹೆಸರೇ). ಒಂದು ಹಂತದಲ್ಲಿ ಹೈಡನ್‌ಹೈಮ್ 0-2 ಹಿಂದೆ, 90 ನಿಮಿಷ ಮುಗಿದಾಗಲೂ 1-2. ಆ ಕಡೆ ಹ್ಯಾಂಬರ್ಗ್ ತನ್ನ ಮ್ಯಾಚ್ ಗೆದ್ದು, ಅಭಿಮಾನಿಗಳು ಮೈದಾನಕ್ಕೇ ನುಗ್ಗಿ ಬುಂಡೆಸ್‌ಲಿಗಾಗೆ ಹೋದೆವು ಅಂತ ಕುಣಿಯುತ್ತಿದ್ದಾರೆ. ಹೆಚ್ಚುವರಿ ಸಮಯದ ಮೂರನೇ ನಿಮಿಷದಲ್ಲಿ ಬೆಸ್ಟೆ ಪೆನಾಲ್ಟಿ ಹೊಡೆದರು, 2-2. ಒಂಬತ್ತನೇ ನಿಮಿಷದಲ್ಲಿ ಕ್ಲೈನ್‌ಡೀನ್ಸ್ಟ್ ಗೋಲ್, 3-2. ಹ್ಯಾಂಬರ್ಗ್ ಮೂರನೇ ಸ್ಥಾನಕ್ಕೆ ಬಿತ್ತು, ಹೈಡನ್‌ಹೈಮ್ ಚಾಂಪಿಯನ್ ಆಗಿ ಮೇಲೆ ಹೋಯಿತು. ವಿಡಿಯೊ ಸುಲಭವಾಗಿ ಸಿಗುತ್ತೆ, ನೋಡಿ.

ಹೆಂಗಸರ ತಂಡ ಯಾವಾಗ ಶುರುವಾಯಿತು ಅಂತಲೂ ಹುಡುಕಿ. 1955ರಿಂದ 1970ರವರೆಗೆ ಜರ್ಮನ್ ಫುಟ್‌ಬಾಲ್ ಒಕ್ಕೂಟ ತನ್ನ ಕ್ಲಬ್‌ಗಳಲ್ಲಿ ಹೆಂಗಸರ ಫುಟ್‌ಬಾಲ್ ನಿಷೇಧಿಸಿತ್ತು.

ಇದೆಲ್ಲ ಎಲ್ಲಿ ಸಿಗುತ್ತೆ? ಕ್ಲಬ್‌ನ ಸೈಟಲ್ಲಿ ಕ್ರೋನಿಕ್ ಅಥವಾ ಗೆಶಿಖ್ಟೆ ಅನ್ನುವ ಪುಟ ತೆಗೆಯಿರಿ. ಮೊಬೈಲ್ ಅನುವಾದ ಸಾಕು, ಆದರೆ ಕ್ಲಬ್ ಹೆಸರುಗಳನ್ನೂ ಅದು ಅನುವಾದ ಮಾಡಿ ಹಾಳು ಮಾಡುತ್ತೆ, ಹೆಸರನ್ನು ಮೂಲದಿಂದಲೇ ಬರೆದುಕೊಳ್ಳಿ. ಹಳೆಯ ಪೇಪರ್‌ಗಳ ಸ್ಕ್ಯಾನ್ ನೆಟ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. 1941ಕ್ಕೆ ಹಿಂದಿನವು ಜಾಸ್ತಿ ಫ್ರಾಕ್ಟುರ್ ಅನ್ನುವ ಹಳೇ ಅಚ್ಚಿನಲ್ಲಿವೆ, ಅದರಲ್ಲಿ ಎಸ್ ಅಕ್ಷರ ಎಫ್ ಥರ ಕಾಣುತ್ತೆ. ಆಟಗಾರರ ಹೆಸರು ತಪ್ಪುವುದು ಅಲ್ಲೇ.

ಎಲ್ಲಕ್ಕಿಂತ ಒಳ್ಳೆಯದು ಫೆಸ್ಟ್‌ಶ್ರಿಫ್ಟ್, ಅಂದರೆ 50, 75, 100 ವರ್ಷಕ್ಕೆ ಕ್ಲಬ್‌ನವರು ಹಾಕಿಸುವ ಸ್ಮರಣ ಸಂಚಿಕೆ. ಅದಕ್ಕೆ ಕ್ಲಬ್‌ಗೇ ಮೇಲ್ ಹಾಕಬೇಕು. ಮೈಸೂರಿನವರು ಅಂತ ಮೊದಲೇ ಹೇಳಿ. ಇಡೀ ಪುಸ್ತಕ ಕೇಳಬೇಡಿ, ಇಂಥ ವರ್ಷದಿಂದ ಇಂಥ ವರ್ಷದ ಪುಟಗಳ ಫೋಟೊ ಸಾಕು ಅನ್ನಿ. ಸಣ್ಣ ಕ್ಲಬ್‌ಗಳಲ್ಲಿ ಈ ಕೆಲಸ ನೋಡುವವರು ಸಂಬಳ ಇಲ್ಲದೆ ಬಿಡುವಿನಲ್ಲಿ ಮಾಡುವವರು, ಜುಲೈ-ಆಗಸ್ಟ್‌ನಲ್ಲಿ ಬರೆದರೆ ಬೇಸಿಗೆ ರಜೆಯಲ್ಲಿರುತ್ತಾರೆ.